ಹೊನ್ನಾವರದ ಅನ್ನ, ಕುವೈತಿನ ಐಶ್

ಫೆಬ್ರವರಿ 25 ಮತ್ತು 26ರ ರಜೆ ಬಂತೆಂದರೆ ಕುವೈತಿನಲ್ಲಿ ನಮ್ಮಂಥವರಿಗೆ ಎರಡೇ ಕೆಲಸ. ಗಲ್ಫ್ ರಸ್ತೆಯಲ್ಲಿ ನೀರಿನ ಪಿಚಕಾರಿ ಹಿಡಿದು ನಿಂತ ಹುಡುಗರಿಂದ ಕಾರು ತಪ್ಪಿಸುವುದು ಒಂದು. ಮನೆಗೆ ಬಂದು ಕೋಳಿಸಾರು ಉಂಡು ಮಲಗುವುದು ಇನ್ನೊಂದು. ಕೆಲವು ವರ್ಷಗಳ ಹಿಂದೆ ಒಮ್ಮೆ ಮಾತ್ರ ಹೀಗಾಗಲಿಲ್ಲ. ಸಾಲ್ಮಿಯಾದಲ್ಲಿ ನಾವಿರುವ ಬೀದಿಯ ಹಿಂದಿನ ಖಾಲಿ ಜಾಗದಲ್ಲಿ ಸುತ್ತಮುತ್ತಲಿನ ಕಟ್ಟಡಗಳವರು ಸೇರಿ ಒಂದು ಸಂಜೆಯ ಮೇಳ ಇಟ್ಟರು. ಒಂದೊಂದು ದೇಶದವರು ತಮ್ಮ ಊರಿನ ಬೀದಿ ತಿಂಡಿ ಮಾಡಿ ತರುವುದು, ಟೋಕನ್ ಕೊಂಡವರು ತಿನ್ನುವುದು, ಅಷ್ಟೇ ಏರ್ಪಾಡು. ಕುವೈತಿಗಳು, ಈಜಿಪ್ಟಿನವರು, ಸಿರಿಯಾದವರು, ಇರಾನಿಗಳು, ಫಿಲಿಪೀನ್ಸಿನವರು, ಇಥಿಯೋಪಿಯಾದವರು, ಬಾಂಗ್ಲಾದವರು, ಕೊನೆಗೆ ನಾವು. ನಮ್ಮ ಮೇಜಿನ ಮೇಲೆ ಗೋಳಿಬಜೆ ಮತ್ತು ಮಸಾಲೆ ಮಂಡಕ್ಕಿ.

ನಾನು ಗೋಳಿಬಜೆಯ ಪಕ್ಕವೇ ಭದ್ರವಾಗಿ ನಿಂತಿದ್ದೆ. ನಿಜ ಹೇಳಬೇಕೆಂದರೆ ಈ ದೇಶಕ್ಕೆ ಬಂದು ಹದಿನಾರು ವರ್ಷವಾಗಿದ್ದರೂ ಇಲ್ಲಿಯವರ ಅಡುಗೆ ನಾನು ತಿಂದದ್ದು ಬೆರಳೆಣಿಕೆಯಷ್ಟು ಸಲ. ಮೊದಲ ಐದು ವರ್ಷ ಅಬ್ಬಾಸಿಯಾದ ಒಂದು ರೂಮಿನಲ್ಲಿ ಆರು ಜನ ಇದ್ದೆವು. ಸರದಿಯ ಪ್ರಕಾರ ಅಡುಗೆ. ಕುಚಲಕ್ಕಿ ಸಿಕ್ಕಿದರೆ ಹಬ್ಬ, ಸಿಗದಿದ್ದರೆ ಕೇರಳದ ಮಟ್ಟ ಅಕ್ಕಿ. ಖುಬೂಸ್ ಒಂದನ್ನು ಬಿಟ್ಟು ಹೊರಗಿನ ಯಾವುದೂ ಆ ರೂಮಿನ ಹೊಸ್ತಿಲು ದಾಟಲಿಲ್ಲ. ದುಡ್ಡಿನ ಲೆಕ್ಕ ಒಂದು ಕಾರಣ. ಹೊಟ್ಟೆ ಕೆಟ್ಟರೆ ಡ್ಯೂಟಿ ತಪ್ಪುತ್ತದೆ, ಸಂಬಳ ಕಡಿಯುತ್ತಾರೆ ಎಂಬ ಹೆದರಿಕೆ ಇನ್ನೊಂದು. ಹೆಂಡತಿ ಮಕ್ಕಳು ಬಂದು ಬೇರೆ ಫ್ಲಾಟ್ ಮಾಡಿದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಇದನ್ನು ಓದುತ್ತಿರುವ ಹಲವರದ್ದೂ ಇದೇ ಕತೆಯಿರಬಹುದು.

ನಮ್ಮ ಮಹಡಿಯಲ್ಲಿ ಮೈಸೂರು ಕಡೆಯ ಒಂದು ಕುಟುಂಬವಿದೆ. ಅವರು ನನ್ನ ಹಾಗಲ್ಲ, ಎಲ್ಲ ಮೇಜಿಗೂ ಹೋಗಿ ಬಗ್ಗಿ ನೋಡಿ ಬರುವವರು. ಅಂದು ಕುವೈತಿ ಮೇಜಿನಿಂದ ಆ ಮನೆಯ ಯಜಮಾನರು ನನ್ನನ್ನು ಕೂಗಿ ಕರೆದರು. "ಬನ್ನಿ ಸಾರ್, ಅವರೆಕಾಳು! ನಮ್ಮೂರಿನದೇ!" ಹೋಗಿ ನೋಡಿದೆ. ದೊಡ್ಡ ಪಾತ್ರೆಯಲ್ಲಿ ಹಬೆಯಾಡುವ ದಪ್ಪ ಕಾಳು, ಮೇಲೆ ಉಪ್ಪು, ಕೆಂಪು ಮೆಣಸಿನ ಚೂರು. ಪಕ್ಕದ ಪಾತ್ರೆಯಲ್ಲಿ ಬೇಯಿಸಿದ ಕಡಲೆ. ಮೇಜಿನ ಹಿಂದೆ ಕಪ್ಪು ಅಬಾಯಾ ಹಾಕಿದ, ಎಪ್ಪತ್ತು ದಾಟಿದ ಒಬ್ಬ ಕುವೈತಿ ಅಜ್ಜಿ. ಮೈಸೂರಿನವರು ತಮ್ಮ ಏಳು ವರ್ಷದ ಮಗನಿಗೆ ಒಂದು ಕಾಗದದ ಲೋಟ ತುಂಬಾ ಕಾಳು ಕೇಳಿದರು. ಅಜ್ಜಿ ಸೌಟು ಎತ್ತಿದವಳು ಹಾಗೇ ನಿಲ್ಲಿಸಿ ಹುಡುಗನ ತಾಯಿಯ ಮುಖ ನೋಡಿ ಕೇಳಿದಳು: "ಅನೀಮಿಯಾ ಫೂಲ್?"

ನನಗೆ ಮೈ ಜುಮ್ಮೆಂದಿತು. ಏಕೆಂದರೆ ಆ ಹುಡುಗನಿಗೆ ಇದ್ದದ್ದು ಅದೇ.

ವೈದ್ಯಕೀಯ ಭಾಷೆಯಲ್ಲಿ ಅದಕ್ಕೆ ಜಿ6ಪಿಡಿ ಕೊರತೆ ಎನ್ನುತ್ತಾರೆ. ಕೆಂಪು ರಕ್ತಕಣವನ್ನು ಕಾಯುವ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವುದು. ತಾಯಿಯ ಕಡೆಯಿಂದ ಬರುತ್ತದೆ, ಹೆಚ್ಚಾಗಿ ಕಾಡುವುದು ಗಂಡುಮಕ್ಕಳನ್ನು. ಸಾಮಾನ್ಯ ದಿನಗಳಲ್ಲಿ ಮಗು ಎಲ್ಲರಂತೆ ಆಡಿಕೊಂಡಿರುತ್ತದೆ. ಆದರೆ ಕೆಲವು ಮಾತ್ರೆಗಳು ದೇಹಕ್ಕೆ ಹೋದರೆ, ಅಥವಾ ಫಾವಾ ಎಂಬ ಒಂದು ಜಾತಿಯ ಕಾಳು ತಿಂದರೆ, ಒಂದೆರಡು ದಿನದಲ್ಲಿ ರಕ್ತಕಣಗಳು ಒಡೆಯತೊಡಗುತ್ತವೆ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ಕೆಲವರಿಗೆ ರಕ್ತ ಕೊಡಿಸಬೇಕಾಗುತ್ತದೆ. ಕೊರತೆ ಯಾವ ಕಿಣ್ವದ್ದು ಎಂದು ಗೊತ್ತಾದದ್ದು 1956ರಲ್ಲಿ, ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆ ಕೆಲವರಿಗೆ ಮಾತ್ರ ಯಾಕೆ ಆಗುವುದಿಲ್ಲ ಎಂದು ಅಮೆರಿಕದಲ್ಲಿ ಹುಡುಕುತ್ತಿದ್ದಾಗ. ಮಲೇರಿಯಾ ಹಿಂದಿನಿಂದ ಇದ್ದ ನಾಡುಗಳಲ್ಲೇ ಈ ಕೊರತೆ ಹೆಚ್ಚು. ಗಲ್ಫ್, ಮೆಡಿಟರೇನಿಯನ್ ತೀರ, ಆಫ್ರಿಕಾ, ನಮ್ಮ ದೇಶದ ಹಲವು ಸಮುದಾಯಗಳು, ಎಲ್ಲ ಕಡೆಯೂ ಉಂಟು.

ಹುಡುಗನ ಅಪ್ಪನಿಗೆ ಕೊಡಬಾರದ ಮಾತ್ರೆಗಳ ಪಟ್ಟಿಯನ್ನು ಬರೆದುಕೊಟ್ಟವನು ನಾನೇ. ಅದರ ಕೊನೆಯ ಸಾಲಿನಲ್ಲಿ 'ಫಾವಾ ಬೀನ್ಸ್ ಬೇಡ' ಎಂದು ಸೇರಿಸಿದ್ದೆ. ಆಸ್ಪತ್ರೆಯ ಕಿಟಕಿಯಲ್ಲಿ ಅರಬ್ ತಾಯಂದಿರಿಗೆ 'ಫೂಲ್' ಎನ್ನುತ್ತೇನೆ, ನಮ್ಮವರಿಗೆ 'ಫಾವಾ' ಎನ್ನುತ್ತೇನೆ. ವರ್ಷಗಟ್ಟಲೆ ಹೇಳಿದ್ದೇನೆ. ಆದರೆ ಆ ಕಾಳು ಕಣ್ಣೆದುರು ಹಬೆಯಾಡುತ್ತಿದ್ದಾಗ, ಅದನ್ನು ಇಲ್ಲಿ ಬಾಜಿಲ್ಲಾ ಎಂದು ಕರೆದು ಬೀದಿಯಲ್ಲಿ ಮಾರುತ್ತಾರೆ ಎಂಬುದು ಗೊತ್ತಿಲ್ಲದೆ, ನಾನೂ ಅದು ಅವರೆಕಾಳೇ ಇರಬೇಕೆಂದು ತಲೆಯಾಡಿಸಿದ್ದೆ. ನಮ್ಮ ಅವರೆಯ ಕುಲವೇ ಬೇರೆ, ಫಾವಾದ ಕುಲವೇ ಬೇರೆ. ಹೊರಗಿನ ಹೋಲಿಕೆ ಮಾತ್ರ. ಆ ಅಜ್ಜಿ ಯಾವ ಮಗು ಬಂದರೂ ಕೇಳಿಯೇ ಕೊಡುವವಳು. ಹುಡುಗನ ಕೈಗೆ ಬಾಜಿಲ್ಲಾದ ಬದಲು ಕಡಲೆಯ ಲೋಟ ಕೊಟ್ಟಳು. ಅದಕ್ಕೆ ಇಲ್ಲಿ ನಖ್ಖಿ ಎಂದು ಹೆಸರು. ನಮ್ಮ ಕಡಲೆ ಉಸ್ಲಿಗೆ ಒಗ್ಗರಣೆ, ಕಾಯಿತುರಿ ಹಾಕದಿದ್ದರೆ ಹೇಗಿರುತ್ತದೋ ಹಾಗೆ.

ನಾಚಿಕೆಯಿಂದ ಅಲ್ಲೇ ನಿಂತಿದ್ದ ನನಗೆ ಅವಳು ಒಂದು ತಟ್ಟೆ ಮುಂದೆ ಮಾಡಿದಳು. ಸಿಗಡಿ ಹಾಕಿ ಬೇಯಿಸಿದ ಕಂದು ಬಣ್ಣದ ಅನ್ನ. ಮೇಲೆ ಹುರಿದ ಈರುಳ್ಳಿ, ಒಣದ್ರಾಕ್ಷಿ, ಬೆಂದ ಬೇಳೆ. ಮಧ್ಯೆ ಕರ್ರಗಿನ, ಕಲ್ಲಿನ ಹಾಗಿದ್ದ ಏನೋ ಒಂದು ಉಂಡೆ. ಮೂಗಿಗೆ ಬಂದ ವಾಸನೆ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಬೇಡವೆನ್ನಲು ಬಾಯಿ ಬರಲಿಲ್ಲ. ಕೈಯಾಡಿಸಿ "ಇದೇನು?" ಎಂದೆ. "ಐಶ್" ಎಂದಳು. ನಾನು ಅರ್ಥವಾಗದೆ ನೋಡಿದೆ. ಅವಳು ಅನ್ನವನ್ನೇ ಬೆರಳಿನಿಂದ ತೋರಿಸಿ ಮತ್ತೊಮ್ಮೆ "ಐಶ್" ಎಂದಳು.

ಐಶ್ ಎಂದರೆ ಅರಬಿಯಲ್ಲಿ ಬದುಕು, ಜೀವನ. ಈಜಿಪ್ಟಿನವರು ರೊಟ್ಟಿಗೆ ಐಶ್ ಎನ್ನುತ್ತಾರೆ. ನೈಲ್ ದಂಡೆಯಲ್ಲಿ ಗೋಧಿ ಬೆಳೆಯುವವರು ಗೋಧಿ ರೊಟ್ಟಿಯನ್ನು ಬದುಕು ಎಂದರೆ ಆಶ್ಚರ್ಯವಿಲ್ಲ. ಆದರೆ ಕುವೈತಿಗಳು ಐಶ್ ಎನ್ನುವುದು ಅನ್ನಕ್ಕೆ. ನದಿಯಿಲ್ಲದ, ಗದ್ದೆಯಿಲ್ಲದ, ಒಂದು ಕಾಳು ಭತ್ತ ಬೆಳೆಯದ ಈ ನೆಲದಲ್ಲಿ ಅನ್ನಕ್ಕೆ ಬದುಕು ಎಂದು ಹೆಸರು ಬೀಳಬೇಕಾದರೆ ಆ ಅನ್ನ ಎಲ್ಲಿಂದಲೋ, ಬಹಳ ಕಾಲದಿಂದ, ತಪ್ಪದೆ ಬರುತ್ತಿದ್ದಿರಬೇಕು. ನಾನು ಫಾರ್ಮಸಿ ಡಿಪ್ಲೊಮಾ ಓದಿದವನು, ಇತಿಹಾಸ ಓದಿದವನಲ್ಲ. ಆದರೂ ಆ ಒಂದು ಶಬ್ದ ತಲೆಯಲ್ಲಿ ಕೂತು ಮುಂದಿನ ಎರಡು ವರ್ಷ ಬಿಡುವಿನ ದಿನಗಳಲ್ಲಿ ಒಂದಷ್ಟು ಓದಿಸಿತು. ಓದುತ್ತಾ ಹೋದರೆ ದಾರಿ ತಿರುಗಿ ತಿರುಗಿ ಬಂದು ನಿಂತದ್ದು ನನ್ನೂರಿನ ಹತ್ತಿರಕ್ಕೇ. ನಾನು ಹೊನ್ನಾವರ ತಾಲೂಕಿನವನು.

ಹೊಸ ಊಟದ ಮುಂದೆ ಕೈ ಹಿಂದೆಗೆದ ಮೊದಲಿಗ ನಾನಲ್ಲ. ಸುಮಾರು 1342ರಲ್ಲಿ, ಕುವೈತ್ ಎಂಬ ಊರು ಇನ್ನೂ ಹುಟ್ಟಿರದ ಕಾಲದಲ್ಲಿ, ಮೊರಾಕ್ಕೊ ದೇಶದ ಇಬ್ನ್ ಬತೂತ ನಮ್ಮ ಕರಾವಳಿಗೆ ಬಂದ. ಶರಾವತಿ ಸಮುದ್ರ ಸೇರುವಲ್ಲಿರುವ ಹೊನ್ನಾವರವನ್ನು ಅವನು ಹಿನವ್ರ್ ಎಂದು ಕರೆದಿದ್ದಾನೆ. ಆಗ ಅಲ್ಲಿ ಜಮಾಲುದ್ದೀನ್ ಎಂಬ ಸುಲ್ತಾನ ಆಳುತ್ತಿದ್ದ. ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇದ್ದವೆಂದು ಎಣಿಸಿ ಬರೆದಿದ್ದಾನೆ. ನನಗೆ ಅದಕ್ಕಿಂತ ರುಚಿಸಿದ್ದು ಅವನು ಸುಲ್ತಾನನ ಮನೆಯ ಊಟವನ್ನು ವರ್ಣಿಸಿದ ರೀತಿ.

ಮೊದಲು ತಾಮ್ರದ ಮಣೆ, ಅದರ ಮೇಲೆ ತಾಮ್ರದ ದೊಡ್ಡ ತಟ್ಟೆ. ಆ ತಟ್ಟೆಗೆ ಅವನು ಬರೆದ ಹೆಸರು ತಾಲಂ; ಮಲಯಾಳಿಗಳು ಇವತ್ತೂ ಹಾಗೇ ಎನ್ನುತ್ತಾರೆ. ರೇಷ್ಮೆ ಉಟ್ಟ ಒಬ್ಬ ಹೆಂಗಸು ಬಂದು ತಾಮ್ರದ ಸೌಟಿನಲ್ಲಿ ಒಂದು ಸೌಟು ಅನ್ನ ಬಡಿಸುತ್ತಾಳೆ. ಮೇಲೆ ತುಪ್ಪ. ಬದಿಗೆ ಗೊಂಚಲು ಗೊಂಚಲಾಗಿ ಉಪ್ಪಿಗೆ ಹಾಕಿದ ಹಸಿ ಕಾಳುಮೆಣಸು, ಹಸಿಶುಂಠಿ, ಲಿಂಬೆ, ಮಾವು. ಒಂದು ತುತ್ತು ಅನ್ನ, ಅದರ ಹಿಂದೆ ಚೂರು ಉಪ್ಪಿನಕಾಯಿ. ಅದು ಮುಗಿದರೆ ಮತ್ತೊಂದು ಸೌಟು ಅನ್ನ, ಈ ಸಲ ಕೋಳಿ. ಮತ್ತೆ ಅನ್ನ, ಇನ್ನೊಂದು ಬಗೆಯ ಕೋಳಿ. ಮತ್ತೆ ಅನ್ನ, ಮೀನು. ಮತ್ತೆ ಅನ್ನ, ತರಕಾರಿ. ಎಲ್ಲದರ ಕೊನೆಗೆ ಮೊಸರು. ಮೊಸರು ಬಂತೆಂದರೆ ಇನ್ನು ಬರುವುದು ಏನೂ ಇಲ್ಲವೆಂದು ತಿಳಿಯಬೇಕು ಎಂದು ಅವನು ಓದುಗರಿಗೆ ಎಚ್ಚರಿಕೆ ಕೊಟ್ಟಿದ್ದಾನೆ. ಆಮೇಲೆ ಕುಡಿಯಲು ಬಿಸಿನೀರು. ಮಳೆಗಾಲದಲ್ಲಿ ತಣ್ಣೀರು ಆಗಿಬರುವುದಿಲ್ಲವಂತೆ.

ಇದನ್ನು ಓದಿ ನಾನು ಒಬ್ಬನೇ ನಕ್ಕೆ. ಇದು ನನ್ನ ಅಜ್ಜಿಮನೆಯ ಊಟದ ವರಸೆ. ತಾಮ್ರ, ರೇಷ್ಮೆ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಮಳೆಗಾಲದಲ್ಲಿ ತಣ್ಣೀರು ಕುಡಿದರೆ ಅವಳು ಬೈಯುತ್ತಿದ್ದಳು. ಒಂದು ವಿಷಯ ಗಮನಿಸಬೇಕು. ಆ ತಟ್ಟೆಯಲ್ಲಿ ಕೆಂಪು ಮೆಣಸಿನಕಾಯಿ ಇಲ್ಲ, ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ. ಅವೆಲ್ಲ ಅಮೆರಿಕ ಖಂಡದವು. ಪೋರ್ಚುಗೀಸರ ಕಾಲದಲ್ಲಿ ಮತ್ತು ಆಮೇಲೆ ನಮ್ಮ ತೀರಕ್ಕೆ ಇಳಿದವು. ಹಾಗಾಗಿ ಖಾರವೇ ನಮ್ಮ ಗುರುತು ಎಂದು ಎದೆ ತಟ್ಟಿಕೊಳ್ಳುವವರು ಸ್ವಲ್ಪ ನಿಧಾನಿಸಬೇಕು. ಉಪ್ಪಿನಕಾಯಿಯಲ್ಲಿ ಮಾವಿತ್ತು ಎಂಬುದಂತೂ ನಿಜ. ಅದು ಅಪ್ಪೆಮಿಡಿಯೇ ಆಗಿತ್ತು ಎಂದು ನಮ್ಮ ಶಿರಸಿ, ಸಿದ್ದಾಪುರದವರು ಪ್ರಮಾಣ ಮಾಡಲು ಸಿದ್ಧರಿದ್ದಾರೆ.

ಆದರೆ ಇಬ್ನ್ ಬತೂತನ ಕಷ್ಟವೂ ಅದೇ ಪುಟದಲ್ಲಿದೆ. ಇದೇ ಸುಲ್ತಾನನ ಜೊತೆಗೆ ಮತ್ತೊಮ್ಮೆ ಹನ್ನೊಂದು ತಿಂಗಳು ಇದ್ದಾಗ ಒಂದು ದಿನವೂ ರೊಟ್ಟಿ ಸಿಗಲಿಲ್ಲ ಎನ್ನುತ್ತಾನೆ. ಮಾಲ್ಡೀವ್ಸ್, ಸಿಲೋನ್, ಮಲಬಾರ್ ಕಡೆ ಸೇರಿ ಮೂರು ವರ್ಷ ಬರೀ ಅನ್ನ ತಿಂದು ತಿಂದು ಕೊನೆಗೆ ನೀರು ಕುಡಿದು ನುಂಗುವ ಹಾಗಾಯಿತಂತೆ. ರೊಟ್ಟಿಗೆ ಹಂಬಲಿಸುತ್ತಾ ಹೊನ್ನಾವರದಲ್ಲಿ ಅನ್ನ ನುಂಗಿದ ಅವನನ್ನೂ, ಕುಚಲಕ್ಕಿಗೆ ಹಂಬಲಿಸುತ್ತಾ ಅಬ್ಬಾಸಿಯಾದಲ್ಲಿ ಖುಬೂಸ್ ನುಂಗಿದ ನಮ್ಮ ಆರು ಜನರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಬಹುದು.

ಹೊನ್ನಾವರದಿಂದ ಅವನು ದಕ್ಷಿಣಕ್ಕೆ ಹೋದ. ಮಂಗಳೂರಿನಲ್ಲಿ ಫಾರ್ಸ್ ಮತ್ತು ಯೆಮನ್ ದೇಶದ ವ್ಯಾಪಾರಿಗಳು ಇಳಿಯುತ್ತಾರೆ, ಕಾಳುಮೆಣಸು ಮತ್ತು ಶುಂಠಿ ಅಲ್ಲಿ ಹೇರಳ ಎಂದು ಬರೆದ. ಅವನಿಗಿಂತ ಇನ್ನೂರು ವರ್ಷ ಮೊದಲೇ, 1130ರ ದಶಕದಿಂದ 1149ರವರೆಗೆ, ಟ್ಯುನೀಶಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲೇ ಮನೆ ಮಾಡಿಕೊಂಡಿದ್ದ. ಅವನ ಅರಬಿ ಪತ್ರಗಳು ಕೈರೋದ ಒಂದು ಹಳೆಯ ಸಿನಗಾಗಿನ ಕಾಗದದ ರಾಶಿಯಲ್ಲಿ ಸಿಕ್ಕಿದವು. ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವನ ಮತ್ತು ಅವನ ಆಳು ಬೊಮ್ಮನ ಕತೆ ಬರುತ್ತದೆ. ಅರಬ್ಬೀ ಸಮುದ್ರದಾಚೆ ಯಜಮಾನನ ಸರಕು ನೋಡಿಕೊಳ್ಳಲು ಹೋಗಿದ್ದ ಆ ಬೊಮ್ಮ, ನಮ್ಮ ತೀರದಿಂದ ದುಡಿಯಲು ಕಡಲು ದಾಟಿದವರಲ್ಲಿ ಹೆಸರು ಉಳಿದವರ ಪೈಕಿ ಬಹಳ ಹಿಂದಿನವನು. ಗಲ್ಫ್ ನೌಕರಿ 1970ರ ದಶಕದಲ್ಲಿ ಶುರುವಾಯಿತು ಎನ್ನುವಾಗ ಅವನನ್ನೂ ನೆನೆಯಬೇಕು.

ಮೆಣಸು, ಏಲಕ್ಕಿಯ ಕತೆ ಎಲ್ಲರಿಗೂ ಗೊತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದೂ ಗೊತ್ತು. ಅಕ್ಕಿಯ ಕತೆ ಅಷ್ಟು ಪ್ರಸಿದ್ಧವಾಗಲಿಲ್ಲ. ಅಕ್ಕಿಗೆ ಮೆಣಸಿನ ಘಮವಿಲ್ಲ, ಯುರೋಪಿನವರು ಅದಕ್ಕಾಗಿ ಯುದ್ಧ ಮಾಡಲಿಲ್ಲ. ಆದರೆ ಹಡಗಿನ ಹೊಟ್ಟೆ ತುಂಬುತ್ತಿದ್ದದ್ದು ಅಕ್ಕಿಯಿಂದ. ಬಸರೂರು, ಮಂಗಳೂರು, ಹೊನ್ನಾವರ, ಭಟ್ಕಳ, ಈ ಬಂದರುಗಳ ಹಿಂದಿನ ಗದ್ದೆಗಳ ಅಕ್ಕಿ 16 ಮತ್ತು 17ನೇ ಶತಮಾನದಲ್ಲಿ ಗೋವೆಗೆ, ಅಲ್ಲಿಂದಾಚೆ ಮಸ್ಕತ್ ಮತ್ತು ಹೊರ್ಮುಜ್‌ಗೆ ಹೋಗುತ್ತಿತ್ತು. ಹೊರ್ಮುಜ್ ದ್ವೀಪದಲ್ಲಿ ಉಪ್ಪು, ಗಂಧಕ ಬಿಟ್ಟರೆ ಏನೂ ಇಲ್ಲ. ಕುಡಿಯುವ ನೀರನ್ನೂ ಆಚೆ ದಡದಿಂದ ತರಬೇಕು. ಅಂಥ ಊರುಗಳು ನಿಂತದ್ದು ಹೊರಗಿನ ಧಾನ್ಯದ ಮೇಲೆ. ಕೆಳದಿ ನಾಯಕರ ಬೊಕ್ಕಸಕ್ಕೂ ಈ ಅಕ್ಕಿಯ ಸುಂಕ ಬೇಕಿತ್ತು. ಬಸರೂರಿನ ಅಕ್ಕಿಗಾಗಿ ಅವರಿಗೂ ಪೋರ್ಚುಗೀಸರಿಗೂ ತಿಕ್ಕಾಟ ನಡೆಯುತ್ತಲೇ ಇತ್ತು. ಮುಂದೆ ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ಮೈಸೂರಿನ ಒಂದು ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಮಂಗಳೂರಿನಿಂದ ಅಕ್ಕಿ, ಮೆಣಸು, ಏಲಕ್ಕಿ, ಶ್ರೀಗಂಧ ಹೋಗುತ್ತಿತ್ತು; ಅತ್ತಲಿಂದ ಕುದುರೆ, ಖರ್ಜೂರ ಬರುತ್ತಿತ್ತು.

ಕುವೈತ್ ಬೆಳೆದದ್ದು ಆಮೇಲೆ. ಇಲ್ಲಿಯವರಿಗೆ ಮುತ್ತು ತೆಗೆಯುವುದು ಬೇಸಿಗೆಯ ಕೆಲಸ, ಹಡಗು ವ್ಯಾಪಾರ ಚಳಿಗಾಲದ ಕೆಲಸ. ಮಳೆಗಾಲ ಕಳೆದು ಗಾಳಿ ತಿರುಗುವ ಹೊತ್ತಿಗೆ ಬಸ್ರಾ ಹತ್ತಿರದ ಶತ್ತ್ ಅಲ್ ಅರಬ್ ನದಿಯಲ್ಲಿ ಖರ್ಜೂರ ತುಂಬಿಕೊಂಡು ಅವರ ಬೂಮ್ ಹಡಗುಗಳು ಕರಾಚಿ, ಮುಂಬಯಿ, ಮಲಬಾರ್ ಕಡೆಗೆ ಹೊರಡುತ್ತಿದ್ದವು. ಮರಳುವಾಗ ಮರ, ತೆಂಗಿನ ಹಗ್ಗ, ಅಕ್ಕಿ, ಚಹಾ, ಸಂಬಾರ ಪದಾರ್ಥ. ಆ ಹಡಗುಗಳೇ ನಮ್ಮ ಕಡೆಯ ಮರದಿಂದ ಆದವು. ಕುವೈತಿನ ಬಡಗಿಗಳು ಸಾಜ್ ಎನ್ನುವುದು ನಮ್ಮ ಸಾಗುವಾನಿಗೆ. ಸಾಲ್ಮಿಯಾದ ಸೈಂಟಿಫಿಕ್ ಸೆಂಟರ್ ಹೊರಗೆ ನಿಲ್ಲಿಸಿರುವ ಫತ್ಹ್ ಅಲ್ ಖೈರ್ ಹಡಗನ್ನು ನೋಡದವರು ಕಡಿಮೆ. ಅದು 1938ರದ್ದು. ಅದೇ 1938ರ ಫೆಬ್ರವರಿಯಲ್ಲಿ ಬುರ್ಗಾನ್‌ನಲ್ಲಿ ಎಣ್ಣೆ ಸಿಕ್ಕಿತು. ಮಕ್ಕಳನ್ನು ಅಕ್ವೇರಿಯಂ ನೋಡಲು ಕರೆದೊಯ್ದಾಗ ಒಮ್ಮೆ ಆ ಹಡಗಿನ ಮೈ ಮುಟ್ಟಿ ನೋಡಿ.

ಈಗ ಆ ಅಜ್ಜಿಯ ತಟ್ಟೆಗೆ ಬರುತ್ತೇನೆ. ಕಲ್ಲಿನ ಹಾಗಿದ್ದ ಕಪ್ಪು ಉಂಡೆ ಲೂಮಿ. ಉಪ್ಪುನೀರಿನಲ್ಲಿ ಕುದಿಸಿ ಬಿಸಿಲಿಗೆ ಒಣಗಿಸಿದ ಲಿಂಬೆಕಾಯಿ. ನಮ್ಮ ಕಡೆ ನಿಂಬೆಗೆ ಲಿಂಬೆ ಎನ್ನುತ್ತೇವಲ್ಲ, ಪಾರ್ಸಿಯ ಲೀಮೂ, ಇಲ್ಲಿಯ ಲೂಮಿ, ಎಲ್ಲ ಒಂದೇ ಬೇರಿನ ಮಾತು. ಅನ್ನದಲ್ಲಿ ಕೈಗೆ ಸಿಕ್ಕಿದ ಏಲಕ್ಕಿಗೆ ಅವರು ಹೇಲ್ ಎನ್ನುತ್ತಾರೆ, ಸಂಸ್ಕೃತದ ಏಲಾ. ಕಾಳುಮೆಣಸಿನ ಫಿಲ್‌ಫಿಲ್ ಪಿಪ್ಪಲಿಯಿಂದ ಬಂತು. ತೆಂಗಿನಕಾಯಿಗೆ ನಾರ್ಜೀಲ್, ನಾರಿಕೇಳ. ಮಾವಿಗೆ ಹಂಬಾ, ನಮ್ಮ ಕೊಂಕಣಿಗರ ಆಂಬೊ. ಉಪ್ಪಿನಕಾಯಿಗೆ ಅಚಾರ್. ಹುಣಸೆಹಣ್ಣಿಗೆ ತಮರ್ ಹಿಂದಿ, ಅಂದರೆ ಹಿಂದೂಸ್ಥಾನದ ಖರ್ಜೂರ. ರಮ್ಜಾನಿನಲ್ಲಿ ಅದರ ಪಾನಕ ಅಂಗಡಿ ಅಂಗಡಿಯಲ್ಲೂ ಸಿಗುತ್ತದೆ. ಬೀದಿ ಬದಿಯ ಕರಕ್ ಚಾಯ್ ನಮ್ಮವರ ಕಡಕ್ ಚಹಾ. ಅಷ್ಟೇ ಏಕೆ, ದುಡ್ಡಿಗೇ ಹಳೆಯ ಕುವೈತಿಗಳು ಬೈಜಾತ್ ಎನ್ನುತ್ತಾರೆ, ನಮ್ಮ ಪೈಸೆ. 1961ರ ಏಪ್ರಿಲ್ 1ರಂದು ದಿನಾರ್ ಬರುವವರೆಗೆ ಈ ದೇಶದಲ್ಲಿ ಚಲಾವಣೆಯಲ್ಲಿದ್ದದ್ದು ಭಾರತದ ರೂಪಾಯಿ. 1959ರಿಂದ ಗಲ್ಫ್‌ಗೆಂದೇ ಬೇರೆ ಬಣ್ಣದ ರೂಪಾಯಿ ನೋಟು ಅಚ್ಚಾಯಿತು. ದಿನಾರ್ ಬಂದಾಗ ಒಂದು ದಿನಾರಿಗೆ ಹದಿಮೂರು ಚಿಲ್ಲರೆ ರೂಪಾಯಿ ಲೆಕ್ಕದಲ್ಲಿ ಬದಲಿಸಿಕೊಟ್ಟರು. ಇಂದಿನ ಎಕ್ಸ್‌ಚೇಂಜ್ ರೇಟು ನೋಡುತ್ತಾ ಸಾಲಿನಲ್ಲಿ ನಿಲ್ಲುವ ನಮಗೆ ಆ ಲೆಕ್ಕ ಕನಸಿನಂತೆ ಕಾಣುತ್ತದೆ.

ಇಷ್ಟು ಬರೆದ ಮೇಲೆ ಒಂದು ಮಾತು ಹೇಳಲೇಬೇಕು. ಎಲ್ಲವೂ ನಮ್ಮಿಂದಲೇ ಹೋಯಿತು ಎಂಬ ವಾಟ್ಸಾಪ್ ಸಂದೇಶಗಳನ್ನು ನಾನು ನಂಬುವವನಲ್ಲ. ಕುವೈತಿಗೆ ಬಂದ ಅಕ್ಕಿಯೆಲ್ಲ ಕನ್ನಡನಾಡಿನದ್ದಲ್ಲ. ಬಂಗಾಳ, ಬರ್ಮಾ, ಸಿಂಧ್ ಕಡೆಯದ್ದೂ ಬರುತ್ತಿತ್ತು. ಇಂದು ಅಜ್ಜಿಯ ಪಾತ್ರೆಯಲ್ಲಿರುವುದು ಉತ್ತರದ ಬಾಸ್ಮತಿ. ಮೀನಿನ ಜೊತೆ ಅನ್ನವನ್ನು ಲೂಮಿ ಹಾಕಿ ಹದ ಮಾಡುವ ಕೈ ಅವರದ್ದೇ, ಅದನ್ನು ಯಾರೂ ಕಲಿಸಲಿಲ್ಲ. ಮತ್ತೆ ನಾವು ತೆಗೆದುಕೊಂಡದ್ದೇನು ಕಡಿಮೆಯೆ? ಹಲ್ವ ಅರಬಿ ಶಬ್ದ. ಶರಬತ್ತು ಅರಬಿ. ಮದುವೆಮನೆಯ ಜಿಲೇಬಿ ಅವರ ಜಲಾಬಿಯಾ. ಸಮೋಸಾ ಪಾರ್ಸಿ, ಅರಬ್ ಅಡುಗೆಮನೆಯ ಸಂಬೂಸಕ್. ದಿಲ್ಲಿಯ ತುಘಲಕ್ ದರಬಾರಿನಲ್ಲಿ ಅದನ್ನು ತಿಂದು ಬರೆದಿಟ್ಟವನೂ ಇದೇ ಇಬ್ನ್ ಬತೂತ. ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು ಎಂಬ ಕತೆ ನಮ್ಮ ಪ್ರತಿ ಲೋಟ ಕಾಫಿಯ ಹಿಂದೆ ಇದೆ. ಭಟ್ಕಳದ ನವಾಯತರ ಮನೆಗಳಲ್ಲಿ ಊಟ ಮಾಡಿದವರಿಗೆ ಎರಡು ತೀರ ಒಂದೇ ಪಾತ್ರೆಯಲ್ಲಿ ಬೆಂದರೆ ಹೇಗಿರುತ್ತದೆ ಎಂದು ಗೊತ್ತು.

ಆ ಸಂಜೆ ಅಜ್ಜಿಯ ತಟ್ಟೆ ಖಾಲಿ ಮಾಡಿದ ಮೇಲೆ ನನಗೆ ಧೈರ್ಯ ಬಂತು. ಈಜಿಪ್ಟಿನವರ ಮೇಜಿಗೆ ಹೋಗಿ ಕೊಶರಿ ತಿಂದೆ. ಅನ್ನ, ಕಪ್ಪು ಬೇಳೆ, ಸೇಮಿಗೆ, ಮೇಲೆ ಟೊಮೆಟೊ ಸಾರು, ಹುರಿದ ಈರುಳ್ಳಿ. ಅದು ನಮ್ಮ ಕಿಚಡಿಯ ಮರಿ ಎಂದು ಹಲವರು ಹೇಳುತ್ತಾರೆ. ಇಂಡಿಯಾದವರು ಬೆಳಿಗ್ಗೆ ಹೆಸರುಕಾಳು, ಅಕ್ಕಿ ಬೇಯಿಸಿ ತುಪ್ಪ ಹಾಕಿ ತಿನ್ನುವುದನ್ನು ಇಬ್ನ್ ಬತೂತ ಕಿಶ್ರಿ ಎಂದೇ ಬರೆದಿದ್ದಾನೆ. ಇಥಿಯೋಪಿಯಾದ ಇಂಜೆರಾ ಹುಳಿ ಬಂದ ದೋಸೆ. ಹಿಟ್ಟು ಹುದುಗಿಸಿ ಒಂದೇ ಬದಿ ಬೇಯಿಸುತ್ತಾರೆ, ಕಣ್ಣು ಕಣ್ಣು ಬೀಳುತ್ತದೆ. ನನ್ನ ಹೆಂಡತಿ ಒಂದು ತುಂಡು ಬಾಯಿಗಿಟ್ಟು "ಹಿಟ್ಟು ನಿನ್ನೆಯದ್ದಲ್ಲ, ಮೊನ್ನೆಯದ್ದು" ಎಂದು ತೀರ್ಪು ಕೊಟ್ಟಳು. ಅದು ಟೆಫ್ ಎಂಬ ಪುಟಾಣಿ ಧಾನ್ಯದ್ದು, ಮೂರು ನಾಲ್ಕು ದಿನ ಹುದುಗಿಸುತ್ತಾರೆ ಎಂದು ಆ ಹುಡುಗಿ ಹೇಳಿದಾಗ ಇವಳ ಮುಖದಲ್ಲಿ ಗೆದ್ದ ಕಳೆ. ಇರಾನಿಗಳ ರೊಟ್ಟಿಯ ಮೇಲೆ ಹಚ್ಚಿದ್ದ ಮಹ್ಯಾವಾ ಎಂಬ ಮೀನಿನ ರಸ ಮಾತ್ರ ನನಗೆ ಆಗಲಿಲ್ಲ. ಒಣಮೀನು ಸುಟ್ಟು ತಿಂದು ಬೆಳೆದವನಿಗೂ ಅದು ಹೆಚ್ಚೇ. ಲುಗೈಮಾತ್ ಎಂಬ ಸಕ್ಕರೆ ಪಾಕದ ಉಂಡೆ ಎಷ್ಟು ತಿಂದೆ ಎಂದು ಕೇಳಬೇಡಿ. ದಿನವಿಡೀ ಸಕ್ಕರೆ ಕಾಯಿಲೆಯ ಮಾತ್ರೆ ಎಣಿಸಿಕೊಡುವವನ ಬಾಯಲ್ಲಿ ಅದನ್ನು ಹೇಳಿಸಬಾರದು.

ನಾವು ತಿನ್ನುವ ಹೊತ್ತಿಗೆ ಕುವೈತಿನ ಈ ಅಡುಗೆ ಎಷ್ಟು ಕಷ್ಟ ದಾಟಿ ಬಂದಿದೆ ಎಂಬುದೂ ತಿಳಿದಿರಬೇಕು. ಜಪಾನಿನ ಕೃತಕ ಮುತ್ತು ಬಂದು 1930ರ ದಶಕದಲ್ಲಿ ಇಲ್ಲಿಯ ಮುತ್ತಿನ ವ್ಯಾಪಾರ ಬಿತ್ತು. 1946ರ ಜೂನ್‌ನಲ್ಲಿ ಮೊದಲ ಎಣ್ಣೆ ಹಡಗು ಹೊರಟ ಮೇಲೆ ಹಾಯಿ ಹಡಗುಗಳ ಕಾಲ ಮುಗಿಯಿತು. ನಾವಿಕರು ಕಂಪನಿ, ಸರಕಾರಿ ಕೆಲಸಕ್ಕೆ ಸೇರಿದರು, ಮಕ್ಕಳು ಹಡಗಿನ ಹಾಡು ಮರೆತರು. 1990ರ ಆಗಸ್ಟ್ 2ರ ಬೆಳಗಿನ ಮೇಲೆ ಏಳು ತಿಂಗಳು ಹೇಗಿತ್ತೆಂದು ನಮ್ಮ ಸಂಘದ ಹಿರಿಯರನ್ನು ಕೇಳಬೇಕು. ಅಮ್ಮಾನ್ ದಾರಿ ಹಿಡಿದು ಏರ್ ಇಂಡಿಯಾ ವಿಮಾನದಲ್ಲಿ ಊರು ಸೇರಿದ ಭಾರತೀಯರು ಒಂದು ಲಕ್ಷಕ್ಕೂ ಹೆಚ್ಚು. ಮರುಭೂಮಿಯ ಕ್ಯಾಂಪಿನಲ್ಲಿ ಸಿಕ್ಕಿದ ಖುಬೂಸಿನ ರುಚಿ ಅವರಿಗೆ ಇನ್ನೂ ನೆನಪಿದೆ. 2022ರ ಮಾರ್ಚ್ 31ರಂದು ಮುಬಾರಕಿಯಾ ಮಾರುಕಟ್ಟೆಯ ಒಂದು ಭಾಗ ಸುಟ್ಟುಹೋಯಿತು. ಖರ್ಜೂರ, ಸಂಬಾರ, ಅಚಾರ್ ಮಾರುವ ಅದೇ ಹಳೆಯ ಓಣಿಗಳ ಸುತ್ತ. ರಿಪೇರಿಯಾದ ಮೇಲೆ ನಾನು ಹೋದಾಗ ಒಣಲಿಂಬೆ, ಒಣಶುಂಠಿ, ಅರಿಶಿನದ ಮೂಟೆ ಪಕ್ಕ ಪಕ್ಕ ಕೂತಿದ್ದವು. ಒಂದು ಕ್ಷಣ ಕುಮಟೆಯ ಸಂತೆಯಲ್ಲಿ ನಿಂತ ಹಾಗಾಯಿತು.

ಮೇಳ ಮುಗಿದು ಮೇಜುಗಳನ್ನು ಮಡಚುವಾಗ ನಾನು ಮತ್ತೆ ಅಜ್ಜಿಯ ಹತ್ತಿರ ಹೋದೆ. ಮೈಸೂರಿನ ಹುಡುಗ ಮೂರನೆಯ ಲೋಟ ನಖ್ಖಿ ಮುಗಿಸುತ್ತಿದ್ದ. ಅವನ ತಾಯಿ ಕಣ್ಣೊರೆಸಿಕೊಂಡು ಅಜ್ಜಿಯ ಕೈ ಹಿಡಿದು ನಿಂತಿದ್ದರು. ಭಾಷೆ ಬಾರದಿದ್ದರೂ ಇಬ್ಬರೂ ಒಂದೇ ಸಮನೆ ಮಾತಾಡುತ್ತಿದ್ದರು. ನನ್ನ ಅರೆಬರೆ ಅರಬಿಯಲ್ಲಿ ಅಜ್ಜಿಗೆ ವಂದನೆ ಹೇಳಿದೆ. ತನ್ನ ಮೊಮ್ಮಗನಿಗೂ ಇದೇ ಇದೆ, ಒಮ್ಮೆ ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟಿದ್ದರು, ಅಂದಿನಿಂದ ಕೇಳದೆ ಯಾವ ಮಗುವಿಗೂ ಬಾಜಿಲ್ಲಾ ಕೊಡುವುದಿಲ್ಲ ಎಂದಳು. ಆಮೇಲೆ ನೀನು ಎಲ್ಲಿಯವನು ಎಂದು ಕೇಳಿದಳು. ಹಿಂದ್ ಎಂದೆ. ಅದು ಗೊತ್ತು, ಹಿಂದ್‌ನಲ್ಲಿ ಎಲ್ಲಿ? ಹೊನ್ನಾವರ ಎಂದರೆ ತಿಳಿಯದು ಎಂದು ಮಂಗಳೂರು ಎಂದೆ. ಅವಳ ಮುಖ ಅರಳಿತು. ತನ್ನ ಅಪ್ಪ ಬೂಮ್‌ನಲ್ಲಿ ನಾವಿಕನಾಗಿದ್ದನಂತೆ. ಕಾಲೀಕೂತ್, ಮಂಗಲೂರ್, ಬೊಂಬಾಯ್ ಎಂದು ಬೆರಳು ಮಡಚಿ ಎಣಿಸಿದಳು. ಅಪ್ಪ ಬರುವಾಗ ಹಿತ್ತಾಳೆ ಮೊಳೆ ಹೊಡೆದ ಮರದ ಪೆಟ್ಟಿಗೆ ತಂದಿದ್ದ, ಅದು ಇನ್ನೂ ಮನೆಯಲ್ಲಿದೆಯಂತೆ. ಇನ್ನೊಂದು ತರುತ್ತಿದ್ದದ್ದು ಜಾಡಿಯಲ್ಲಿ ಹಂಬಾ ಅಚಾರ್. ಇಡೀ ಕಾಯಿ, ಇಷ್ಟೇ ಸಣ್ಣದು ಎಂದು ಹೆಬ್ಬೆರಳಿನ ತುದಿ ತೋರಿಸಿದಳು. ಈಗ ಅಂಥದ್ದು ಎಲ್ಲೂ ಸಿಗುವುದಿಲ್ಲ, ಅಂಗಡಿಯಲ್ಲಿ ಸಿಗುವುದು ಬರೀ ಹಳದಿ ಗೊಜ್ಜು ಎಂದು ಬೇಸರಪಟ್ಟಳು.

ಮರುದಿನವೂ ರಜೆ. ಅಮ್ಮ ಕಳಿಸಿದ್ದ ಅಪ್ಪೆಮಿಡಿ ಬಾಟಲಿಯಲ್ಲಿ ಅರ್ಧ ಉಳಿದಿತ್ತು. ಇನ್ನು ಊರಿಗೆ ಹೋಗುವುದು ಜೂನ್‌ನಲ್ಲಿ, ಅಲ್ಲಿಯವರೆಗೆ ಏನು ಮಾಡುತ್ತೀರಿ ಎಂದು ಹೆಂಡತಿ ಕೇಳಿದಳು. ಆದರೂ ಅವಳೇ ಬಾಟಲಿ ಒರೆಸಿ ಚೀಲಕ್ಕೆ ಹಾಕಿಕೊಟ್ಟಳು. ಅಜ್ಜಿಯ ಮನೆಯ ದಿವಾನಿಯಾ ಬಾಗಿಲಿನಲ್ಲಿ ಅವಳ ಮಗ ನನ್ನನ್ನು ಕೂರಿಸಿ ಚಹಾ ಕೊಟ್ಟ. ಅಜ್ಜಿ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ಒಂದು ಮಿಡಿ ತೆಗೆದು ಕಚ್ಚಿದಳು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತಳು. ಆಮೇಲೆ ಒಳಗಿನ ಕೆಲಸದವಳಿಗೆ ಕೇಳುವಂತೆ ಗಟ್ಟಿಯಾಗಿ ಕೂಗಿದಳು: "ಐಶ್! ಐಶ್ ತಾ!"